ಎಕ್ಸ್√(2ಎಕ್ಸ್+3) ಡೆರಿವೇಟಿವ್ ಗೈಡ್ ಉತ್ತರಕ್ಕೆ ತಾಳೆ ಆಗ್ತಿಲ್ಲ, ಹೆಲ್ಪ್ ಮಾಡಿ

ಲಾಸ್ಟ್_ಬೆಂಚ್:
ಸೆಕೆಂಡ್ ಪಿಯುಸಿ ಮ್ಯಾತ್ಸ್. ವೈ = ಎಕ್ಸ್√(2ಎಕ್ಸ್+3). ಪ್ರಾಡಕ್ಟ್ ರೂಲ್ ಹಾಕಿದ್ರೆ √(2ಎಕ್ಸ್+3) + ಎಕ್ಸ್/(2√(2ಎಕ್ಸ್+3)) ಬರುತ್ತೆ, ಛೇದ ಒಂದೇ ಮಾಡಿದ್ಮೇಲೆ (5ಎಕ್ಸ್+6)/(2√(2ಎಕ್ಸ್+3)). ಗೈಡಲ್ಲಿ ನೋಡಿದ್ರೆ 3(ಎಕ್ಸ್+1)/√(2ಎಕ್ಸ್+3) ಅಂತಿದೆ. ಸಿಂಪ್ಲಿಫೈ ಮಾಡಿದ್ರೆ ಎರಡೂ ಒಂದೇನಾ, ಇಲ್ಲಾ ಪ್ರಿಂಟ್ ಮಿಸ್ಟೇಕಾ?

ಸಂಜೆ_ಟ್ಯೂಷನ್:
ಒಂದೇನಾ ಅಲ್ವಾ ಅಂತ ಡೌಟ್ ಬಂದ್ರೆ ಮೊದ್ಲು ಒಂದು ನಂಬರ್ ಹಾಕಿ ನೋಡಪ್ಪಾ. ಎಕ್ಸ್ = 3 ತಗೋ, ರೂಟ್ ಒಳಗೆ 9 ಬರುತ್ತೆ, ಆರಾಮು. ನಿಂದು 21/6 ಅಂದ್ರೆ 3.5, ಗೈಡ್‌ದು 12/3 ಅಂದ್ರೆ 4. ಸೋ ಬೇರೆ ಬೇರೆನೇ. ಯಾವ್ದು ಸರಿ ಅಂತ ತಿಳಿಯೋಕೆ ಕ್ಯಾಲ್ಕುಲೇಟರಲ್ಲಿ 3.01×√9.02 ಒತ್ತು, 9.04003 ಹತ್ರ ಬರುತ್ತೆ, ಎಕ್ಸ್ = 3ಕ್ಕೆ ವೈ 9 ಇತ್ತಲ್ಲ, ಅದನ್ನ ಕಳೆದು 0.01ರಿಂದ ಭಾಗಿಸಿದ್ರೆ 4.003. ಗೈಡೇ ಸರಿ.

ಎಡವಿದ್ದು ಎಲ್ಲಿ ಅಂದ್ರೆ ಚೈನ್ ರೂಲಲ್ಲಿ. √ಯು ಡೆರಿವೇಟಿವ್ 1/(2√ಯು), ಅಷ್ಟಕ್ಕೇ ಬಿಡಂಗಿಲ್ಲ, ಒಳಗಿರೋ ಯುದೂ ತೆಗೆದು ಗುಣಿಸ್ಬೇಕು. ಇಲ್ಲಿ ಯು = 2ಎಕ್ಸ್+3, ಅದರದ್ದು 2, ಆ 2 ಛೇದದ 2ನ್ನ ಹೊಡೆದು ಹಾಕುತ್ತೆ. ಉಳಿಯೋದು √(2ಎಕ್ಸ್+3) + ಎಕ್ಸ್/√(2ಎಕ್ಸ್+3), ಕೂಡಿದ್ರೆ ಮೇಲೆ 2ಎಕ್ಸ್+3+ಎಕ್ಸ್ = 3ಎಕ್ಸ್+3. ಆಯ್ತಲ್ಲ.

ರೂಟ್_ಬೇಡ:
ನಂಗೆ ಈ ರೂಟ್ ಎಳ್ಕೊಂಡು ಹೋಗೋದೇ ಆಗಲ್ಲ ಗುರು, ಎರಡೂ ಕಡೆ ಸ್ಕ್ವೇರ್ ಮಾಡ್ಬಿಡ್ತೀನಿ. ವೈ² = 2ಎಕ್ಸ್³+3ಎಕ್ಸ್², ಡಿಫರೆನ್ಶಿಯೇಟ್ ಮಾಡಿದ್ರೆ 2ವೈ·ವೈ′ = 6ಎಕ್ಸ್²+6ಎಕ್ಸ್, ವೈ ಜಾಗಕ್ಕೆ ಎಕ್ಸ್√(2ಎಕ್ಸ್+3) ಹಾಕಿ ಎಕ್ಸ್ ಹೊಡೆದ್ರೆ ಅದೇ ಉತ್ತರ

ಸಂಜೆ_ಟ್ಯೂಷನ್:
ಚೆನ್ನಾಗಿದೆ, ಆದ್ರೆ ಎಕ್ಸ್ = 0 ಆದಾಗ ಆ ಸ್ಟೆಪ್ಪಲ್ಲಿ 0/0 ಆಗುತ್ತೆ. ಪ್ರಾಡಕ್ಟ್ ರೂಲಲ್ಲಿ ಆ ತಂಟೆ ಇಲ್ಲ, ಸೀದಾ √3 ಸಿಗುತ್ತೆ. ಎಕ್ಸಾಮಲ್ಲಿ ಅದನ್ನೇ ಬರೆಯೋದು ವಾಸಿ.

ಲಾಸ್ಟ್_ಬೆಂಚ್:
ಸಿಕ್ತು ಸರ್, ಥ್ಯಾಂಕ್ಸ್!! ಹಂಗಾದ್ರೆ ಎಕ್ಸ್ = −3/2 ಹಾಕಿದ್ರೆ ಛೇದ ಸೊನ್ನೆ ಆಗುತ್ತಲ್ಲ, ಅಲ್ಲಿ ಫಂಕ್ಷನ್ನೇ ಇರಲ್ವಾ?

ಸಂಜೆ_ಟ್ಯೂಷನ್:
ಫಂಕ್ಷನ್ ಇದೆ, ಬೆಲೆ 0. ಡೆರಿವೇಟಿವ್ ಇಲ್ಲ. ಗ್ರಾಫ್ ಹಾಕಿ ನೋಡು, ಆ ತುದಿಯಿಂದ ನೆಟ್ಟಗೆ ಕೆಳಕ್ಕೆ ಇಳಿಯುತ್ತೆ, ಎಕ್ಸ್ = −1 ಹತ್ರ ತಿರುಗಿ ಮೇಲೆ ಬರುತ್ತೆ.