ಅಪ್ಪ ಹಾಳೆಯ ಎಡಗಡೆ ಬರೆಯೋದೇ ಇಲ್ಲ, ತಿದ್ದಬೇಕಾ?

ಪ್ರಶ್ನೆ: ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನ ಮತ್ತೆ ಮಾಡೋಕೆ ನೆರವಾಗುವ ಚಿಕಿತ್ಸಕಿ) ಮೇಡಂ ಅವರಿಗೆ ನಮಸ್ಕಾರ. ಅಪ್ಪನಿಗೆ 61 ವರ್ಷ, ಬೋರ್ಡ್ ಬರೆಯುವ ಕೆಲಸ ಮಾಡ್ತಿದ್ರು. ಎಂಟು ತಿಂಗಳ ಹಿಂದೆ ಏಣಿಯಿಂದ ಬಿದ್ದು ಮೆದುಳಿನ ಬಲಭಾಗಕ್ಕೆ ಪೆಟ್ಟಾಯ್ತು. ಈಗ ನಡೀತಾರೆ, ಮಾತಾಡ್ತಾರೆ. ಹೋದ ತಿಂಗಳಿಂದ ಮತ್ತೆ ಬ್ರಷ್ ಹಿಡಿದಿದ್ದಾರೆ. ಆದರೆ ಹೂವು ಬರೆದರೆ ಬಲಗಡೆ ಎಸಳು ಮಾತ್ರ. ನನ್ನ ಮುಖ ಬರೆದ್ರು, ಒಂದೇ ಕಣ್ಣು, ಒಂದೇ ಕಿವಿ. "ಮುಗೀತು" ಅಂದ್ರು. ಉಳಿದದ್ದನ್ನ ನಾನು ಪೆನ್ಸಿಲಲ್ಲಿ ತುಂಬಿಸಿ ಕೊಟ್ಟೆ. ಹಾಳೆ ಹರಿದು ಹಾಕಿದ್ರು. ಕಣ್ಣಿನ ದೋಷವೋ, ಹಟವೋ ಗೊತ್ತಾಗ್ತಿಲ್ಲ.

ಉತ್ತರ: ಹಟ ಖಂಡಿತ ಅಲ್ಲ. ಕಣ್ಣಿನ ಡಾಕ್ಟರಿಗೂ ಒಮ್ಮೆ ತೋರಿಸಿ, ಆದರೆ ನೀವು ಹೇಳಿದ್ದು ನಾವು ನೆಗ್ಲೆಕ್ಟ್ ಅನ್ನೋ ತೊಂದರೆಯ ಹಾಗಿದೆ. ಬಲಮೆದುಳಿಗೆ ಪೆಟ್ಟಾದವರಲ್ಲಿ ಇದು ಹೆಚ್ಚು. ಕಣ್ಣು ನೋಡಿದರೂ ಎಡಗಡೆ ಒಂದು ಬದಿ ಇದೆ ಅನ್ನೋದೇ ಅವರ ಗಮನಕ್ಕೆ ಬರಲ್ಲ. ತಟ್ಟೆಯಲ್ಲೂ ಎಡಗಡೆ ಊಟ ಉಳಿಸ್ತಾರಾ, ಗಮನಿಸಿ. "ಮುಗೀತು" ಅಂದದ್ದು ಅವರ ಪಾಲಿಗೆ ನಿಜ. ಅಂಥ ಚಿತ್ರದ ಮೇಲೆ ಇನ್ನೊಬ್ಬರ ಪೆನ್ಸಿಲ್ ಬಿದ್ದರೆ ಸಿಟ್ಟು ಬರದೆ ಇರುತ್ತಾ?

ಅಭ್ಯಾಸದ ಹಾಳೆ ಬೇರೆ, ಅವರ ಸ್ವಂತ ಚಿತ್ರ ಬೇರೆ. ಅಭ್ಯಾಸದ ಹಾಳೆಯಲ್ಲಿ ಎಡ ಅಂಚಿಗೆ ದಪ್ಪ ಕೆಂಪು ಗೆರೆ ಎಳೆದು, "ಕೆಂಪು ಸಿಗೋವರೆಗೂ ತಲೆ ತಿರುಗಿಸಿ" ಅನ್ನಿ. ಹಾಳೆಯನ್ನ ಮೇಜಿಗೆ ಟೇಪ್ ಹಾಕಿ, ಬಣ್ಣ ಬಲಗಡೆ ಇರಲಿ, ಹುಡುಕಾಟದಲ್ಲಿ ಸುಸ್ತಾಗಬಾರದು. ಹದಿನೈದು ನಿಮಿಷ ಸಾಕು. ಮೆದುಳಿನ ದಣಿವು ಮೈದಣಿವಿನ ಹಾಗಲ್ಲ, ತಟ್ಟನೆ ಬರುತ್ತೆ. ಟಿವಿ ಆರಿಸಿ. ಸ್ವಂತ ಚಿತ್ರಕ್ಕೆ ಮಾತ್ರ ದಯವಿಟ್ಟು ಕೈ ಹಾಕಬೇಡಿ.

ಜರ್ಮನಿಯ ಚಿತ್ರಕಾರ ಲೋವಿಸ್ ಕೊರಿಂಥ್‌ಗೆ 1911ರಲ್ಲಿ ಪಾರ್ಶ್ವವಾಯು ಹೊಡೆದು ಎಡಮೈ ಸೋತಿತ್ತು. 1925ರಲ್ಲಿ ತೀರಿಕೊಳ್ಳುವವರೆಗೂ ಬರೆದರು. ಬ್ರಷ್ಷಿನ ಗೆರೆ ಮೊದಲಿಗಿಂತ ಸಡಿಲ, ಒರಟು. ಆ ಕೊನೇ ವರ್ಷಗಳ ಚಿತ್ರಗಳನ್ನೇ ಇವತ್ತು ಬಹಳ ಜನ ಮೆಚ್ಚೋದು. ನಿಮ್ಮ ತಂದೆ ಕೊರಿಂಥ್ ಆಗಲಿ ಅಂತ ಹೇಳ್ತಿಲ್ಲ. ಹಳೇ ಕೈ ವಾಪಸ್ ಬರಲಿ ಅಂತ ಕಾಯುತ್ತಾ, ಈಗಿನ ಕೈ ಬರೆದದ್ದನ್ನ ನೋಡದೆ ಬಿಡಬೇಡಿ.

ಪ್ರಶ್ನೆ: ಕೆಲವು ದಿನ ಹಾಳೆ ತುಂಬ ಬರೀ ಕಪ್ಪು ಬಳಿದು ಎದ್ದು ಹೋಗ್ತಾರೆ. ಭಯ ಆಗುತ್ತೆ.

ಉತ್ತರ: ಬಣ್ಣ ನೋಡಿ ಮನಸ್ಸು ಓದೋಕೆ ನನಗೂ ಬರಲ್ಲ. "ಇದೇನಪ್ಪ, ಹೇಳ್ತೀರಾ?" ಅಂತ ಒಂದು ಸಲ ಕೇಳಿ, ಹೇಳದಿದ್ರೆ ಪಕ್ಕದಲ್ಲಿ ಸುಮ್ಮನೆ ಕೂತಿರಿ. ಆದರೆ ನಿದ್ದೆ, ಊಟ ಕೆಟ್ಟಿದ್ದರೆ, ಬದುಕಿ ಏನು ಪ್ರಯೋಜನ ಅನ್ನೋ ಮಾತು ಬಂದರೆ ಅದೇ ದಿನ ಡಾಕ್ಟರಿಗೆ ತಿಳಿಸಿ. ಮೆದುಳಿನ ಪೆಟ್ಟಿನ ನಂತರ ಖಿನ್ನತೆ ತುಂಬ ಸಾಮಾನ್ಯ, ಅದಕ್ಕೆ ಚಿಕಿತ್ಸೆ ಇದೆ.

ಇನ್ನೊಂದು, ಅವರೇ ಒಪ್ಪಿದರೆ ಹಾಳೆಯನ್ನ ತಲೆಕೆಳಗು ತಿರುಗಿಸಿ ಇಡಿ. ಖಾಲಿ ಜಾಗ ಬಲಕ್ಕೆ ಬರುತ್ತೆ.

ಪ್ರಶ್ನೆ ಕೇಳಿದವರು: ಮೇಡಂ, ನಿನ್ನೆ ಮತ್ತೆ ನನ್ನ ಮುಖ ಬರೆದ್ರು. ಅವರನ್ನ ಕೇಳಿ, ಹಾಳೆ ತಲೆಕೆಳಗು ತಿರುಗಿಸಿದೆ. ತುಂಬ ಹೊತ್ತು ನೋಡಿ "ಅಯ್ಯೋ, ಇಲ್ಲಿ ನೀನೇ ಇಲ್ವಲ್ಲ" ಅಂದ್ರು. ಎರಡನೇ ಕಣ್ಣು ಬರೆದ್ರು, ರೆಪ್ಪೆಗೂದಲು ಕೆಳಗೆ ಬಂದಿದೆ. ಹಾಗೇ ಗೋಡೆಗೆ ಅಂಟಿಸಿದ್ದೀನಿ.