ಸಮಸ್ಯೆ: ‘ನಡುವಿರುಳೊಳ್ ಸೂರ್ಯನುದಿಸಿದಂ ಗೋಪುರದೊಳ್’

ಶತಶೃಂಗ: ಕೋಲಾರದ ಸೋಮೇಶ್ವರ ಗುಡಿಯ ಗೋಪುರವನ್ನು ರಾತ್ರಿಯ ಹೊತ್ತಿನಲ್ಲಿ ತೋರಿಸುವ ಜಲವರ್ಣ ಚಿತ್ರವೊಂದು ನಮ್ಮ ನಡುಮನೆಗೆ ಬಂದಿದೆ. ಮಸಿಗಪ್ಪು ಆಕಾಶ. ಕಳಶದ ಪಕ್ಕದಲ್ಲಿ, ಕಾಗದ ಹಸಿಯಿದ್ದಾಗಲೇ ಇಟ್ಟ ಹಳದಿ ಬೊಟ್ಟೊಂದು ಅಂಚಿನಲ್ಲಿ ಕದಡಿಕೊಂಡಿದೆ. ದೀಪವೋ, ಚಂದ್ರನೋ, ಕೈ ಜಾರಿದ್ದೋ ತಿಳಿಯದು. ಮೇಲಿನ ಸಾಲೇ ಕೊನೆಯ ಪಾದವಾಗುವಂತೆ ಪದ್ಯ ತುಂಬುವ ಪೂರಣಗಳು ಬರಲಿ. ಸೂರ್ಯನೆಂದರೆ ರಾಜ, ಕೀರ್ತಿ ಎಂಬ ಹಳಸಲು ಬೇಡ.

ಕಂದಪ್ರಿಯ:
ಪಡುವಣ ಗೋಡೆಯ ಪಟದೊಳ್
ಕಡುಗಪ್ಪಿನ ಬಾನೊಳೊಂದು ಪೊಂಬನಿಯಿಟ್ಟಾ
ಬಡಗುಂಚದ ಮೊನೆಯಿಂದಂ
ನಡುವಿರುಳೊಳ್ ಸೂರ್ಯನುದಿಸಿದಂ ಗೋಪುರದೊಳ್

ಶತಶೃಂಗ: ಮುಳುಗುವ ದಿಕ್ಕಿನ ಗೋಡೆಯಲ್ಲೇ ಹುಟ್ಟಿಸಿದಿರಿ. ಭೇಷ್.

ಲಘುಗುರು: ‘ಬಡಗುಂಚ’ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆಸೆದ ಸಲ್ಲದ ಜೋಡಿ. ಬಡ ನಮ್ಮದು, ಕುಂಚ ಸಂಸ್ಕೃತದ ಕೂರ್ಚ. ಇಷ್ಟು ಕಾಲ ಪದ್ಯ ಕಟ್ಟಿದವರಿಗೆ ಇದನ್ನೂ ಹೇಳಬೇಕೆ?

ಕಂದಪ್ರಿಯ: ಬಂದಿರಾ! ತಮಗಾಗಿಯೇ ಬಾಗಿಲು ತೆರೆದಿಟ್ಟಿದ್ದೆ. ಕೂರ್ಚ ತದ್ಭವವಾಗಿ ಕುಂಚವಾದ ಮೇಲೆ ಅದು ಈ ಮನೆಯ ಸೊಸೆ. ತವರಿನ ಹೆಸರು ಹಿಡಿದು ಎಷ್ಟು ದಿನ ಹಂಗಿಸುತ್ತೀರಿ? ವ್ಯಾಕರಣ ಬರೆದ ಕೇಶಿರಾಜನಿಗಿಲ್ಲದ ತಕರಾರು ತಮಗೇಕೆ?

ಲಘುಗುರು: ಕೇಶಿರಾಜನ ಹೆಸರಿಗೆ ಹೆದರುವವನು ನಾನಲ್ಲ. ತದ್ಭವವೆಂದೇ ಇಟ್ಟುಕೊಳ್ಳಿ, ಕುಂಚಕ್ಕೆ ಬಡತನವೇ? ಗಣ ತುಂಬಲು ಎಳೆದು ತಂದ ಪದ.

ಕಂದಪ್ರಿಯ: ಬಡವೆಂದರೆ ಸೊರಗಿದ್ದು, ಸ್ವಾಮಿ. ಕಾವ್ಯದ ‘ಬಡನಡು’ವಿನ ಹೆಣ್ಣುಗಳಿಗೆಲ್ಲ ತಾವು ಪಡಿತರ ಚೀಟಿ ಮಾಡಿಸಿಕೊಟ್ಟಿದ್ದೀರೋ?

ಮಾಲೂರಮ್ಮ: ಇಬ್ಬರೂ ಉಸಿರು ಬಿಡಿ.
ಕಡಿದಿರ್ದ ತಂತಿ ಕಟ್ಟಲ್
ಗಡಿಬಿಡಿಯಿಂ ಮಿಂಚುಗೆಲಸದಾಳೇರಿರ್ದಂ
ನುಡಿವರ್ ಸೂರ್ಯಣ್ಣನೆನುತೆ
ನಡುವಿರುಳೊಳ್ ಸೂರ್ಯನುದಿಸಿದಂ ಗೋಪುರದೊಳ್

ಶತಶೃಂಗ: ಅಮ್ಮಾ, ನಕ್ಕು ಸಾಕಾಯಿತು.

ಗಣಿಯವ: ಮಿಂಚಿನ ಮಾತು ಬಂದರೆ ನಾವು ಸುಮ್ಮನಿರುವುದುಂಟೆ? ಶಿವನಸಮುದ್ರದ ವಿದ್ಯುತ್ತು ಕೆ.ಜಿ.ಎಫ್.ಗೆ ಬಂದದ್ದು 1902ರಲ್ಲಿ. ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದ್ದು 1905ರಲ್ಲಿ.

ಮಾಲೂರಮ್ಮ: ಗಣಿಯ ಯಂತ್ರಕ್ಕೆ ಬಂದದ್ದು ಗೋಪುರಕ್ಕೆ ಬಂದಂತಾಯಿತೇ, ತಮ್ಮಾ? ಗಣಿ 2001ರಲ್ಲೇ ಮುಚ್ಚಿತು, ಜಂಬ ಮಾತ್ರ ಮುಚ್ಚಲಿಲ್ಲ.

ಗಣಿಯವ: ಚುಚ್ಚಿದಿರಿ ಅಕ್ಕಾ. ತೆಗೆದುಕೊಳ್ಳಿ:
ಒಡಲೊಳ್ ಪೊನ್ನಂ ಪೊತ್ತೀ
ಪೊಡವಿಯ ಗಣಿಯಿಂದೆ ಪೊಣ್ಮಿ ಬಂದನೊ ಕಾಣೆಂ
ತಡೆಯದೆ ಕಳ್ತಲೆ ಕಳೆಯಲ್
ನಡುವಿರುಳೊಳ್ ಸೂರ್ಯನುದಿಸಿದಂ ಗೋಪುರದೊಳ್

ಮಾಲೂರಮ್ಮ: ಒಪ್ಪಿದೆ.

ಕಂದಪ್ರಿಯ: ಪಕಾರಗಳ ಸಾಲು ಸೊಗಸು.

ಲಘುಗುರು: ‘ಕೞ್ತಲೆ’ಯ ರಳ, ಆ ಹಳೆಯ ‘ೞ’ ಅಕ್ಷರ, ಎಲ್ಲಿ ಹೋಯಿತು?

ಗಣಿಯವ: ನನ್ನ ಮೊಬೈಲಿನ ಕೀಲಿಮಣೆಯಲ್ಲಿಲ್ಲ. ಅದಿರಲಿ, ತಮ್ಮ ಪೂರಣ ಎಲ್ಲಿ?

ಲಘುಗುರು: ಸಮಸ್ಯೆಯಲ್ಲೇ ಯತಿ, ಪಾದದಲ್ಲಿ ಉಸಿರು ನಿಲ್ಲುವ ತಾಣ, ಸೂರ್ಯನನ್ನು ಸೀಳಿ ನಿಂತಿದೆ. ಕೆಟ್ಟ ಪಾದಕ್ಕೆ ನಾನು ಪದ್ಯ ಹೊಸೆಯುವುದಿಲ್ಲ.

ಕಂದಪ್ರಿಯ: ಕಳೆದ ಯುಗಾದಿಗೂ ಇದೇ ನೆವ.

ಶತಶೃಂಗ: ಯತಿಯನ್ನು ದಾಟುವುದು ಕನ್ನಡ ಕವಿಗಳ ಹಳೆಯ ರೂಢಿ.

ಲಘುಗುರು: ಯಾವ ಕವಿ? ಯಾವ ಪದ್ಯ? ಒಂದೊಂದಾಗಿ ಬರಲಿ.