ಐದು ತಂತಿ ಬೇಸ್‌ಗೆ ವಾಲ್ವ್ ಪ್ರೀಆಂಪ್: ಕೆಳಗಿನ ಬಿ ಏಳವಲ್ದು, ಹಮ್ ಹೋಗವಲ್ದು

ಬೇಸ್_ಕಲಬುರಗಿ

ನಮಸ್ಕಾರ್ರಿ ಎಲ್ಲಾರಿಗೂ. ಎರಡು 12ಎಎಕ್ಸ್7 ವಾಲ್ವ್ (ಒಂದೊಂದರಾಗ ಎರಡು ಟ್ರಯೋಡ್, ಅಂದ್ರ ಒಂದೊಂದು ಸ್ಟೇಜಿಗೆ ಆಗೋ ಭಾಗ) ಹಾಕಿ ಬೇಸ್ ಗಿಟಾರಿಗೆ ಪ್ರೀಆಂಪ್ (ಸಿಗ್ನಲ್ ಮೊದಲು ಎತ್ತೋ ಆಂಪ್) ಕಟ್ಟೀನಿ. ಸರ್ಕ್ಯೂಟ್ ಲೀಡ್ ಗಿಟಾರಿಂದು. ಮೊದಲ ಸ್ಟೇಜಿಗೆ ಪ್ಲೇಟ್ ರೆಸಿಸ್ಟರ್ 100ಕೆ (ಕೆ ಅಂದ್ರ ಕಿಲೋಓಮ್), ಕ್ಯಾಥೋಡ್ 2.7ಕೆ, ಅದಕ್ಕ ಅಡ್ಡ 0.68 ಮೈಕ್ರೋಫ್ಯಾರಡ್. ಅಲ್ಲಿಂದ 0.0022 ಮೈಕ್ರೋಫ್ಯಾರಡ್ ಕಪ್ಲಿಂಗ್ (ಸ್ಟೇಜ್ ಕೂಡಿಸೋ ಕೆಪಾಸಿಟರ್), 1 ಮೆಗ್‌ಓಮ್ ವಾಲ್ಯೂಮ್, ಎರಡನೇ ಸ್ಟೇಜ್, ಕೊನೀಗೆ ಕ್ಯಾಥೋಡ್ ಫಾಲೋವರ್ (ಕ್ಯಾಥೋಡಿನಿಂದ ಸಿಗ್ನಲ್ ಹೊರಗ ಕೊಡೋ ಸ್ಟೇಜ್), ಸೀದಾ ಪಿಎ ಮಿಕ್ಸರಿಗೆ. ನಾಲ್ಕನೇ ಟ್ರಯೋಡ್ ಖಾಲಿ ಅದ. 12 ವೋಲ್ಟಿನ ಎರಡು ಟ್ರಾನ್ಸ್‌ಫಾರ್ಮರ್ ಬೆನ್ನಿಗೆ ಬೆನ್ನು ಹಚ್ಚಿ 275 ವೋಲ್ಟ್ ಡಿಸಿ ತಗೊಂಡೀನಿ. ನಡುವಿನ 12 ವೋಲ್ಟ್ ಎಸಿನೇ ಫಿಲಮೆಂಟಿಗೆ (ವಾಲ್ವ್ ಬಿಸಿ ಮಾಡೋ ತಂತಿಗೆ), 4 ಮತ್ತ 5ನೇ ಪಿನ್ನಿಗೆ. ಫಾಲೋವರ್ ಕ್ಯಾಥೋಡಿನಾಗ 178 ವೋಲ್ಟ್ ತೋರಸ್ತದ.

ತೊಂದರೆ ಮೂರು: ಬಿ, ಇ ತಂತಿ ದನಿ ಭಾಳ ತೆಳು. ವಾಲ್ಯೂಮ್ ಪೂರಾ ಇಳಿಸಿದ್ರೂ ಹಮ್ (ಗುಂಯ್ ಅನ್ನೋ ದನಿ) ಹಂಗೇ ಇರ್ತದ. ಮಿಕ್ಸರಿನ ಕ್ಲಿಪ್ ಲೈಟ್ ಆರೋದೇ ಇಲ್ಲ.

ಬಿಸಿಕಬ್ಬಿಣ_ಬೀದರ್

ಮೊದಲನೇದಕ್ಕ ಹೇಳ್ತೀನ್ರಿ. ಐದನೇ ತಂತಿ ಬಿ ಅಂದ್ರ 31 ಹರ್ಟ್ಜ್, ಇ ಅಂದ್ರ 41. ನಿಮ್ಮ 0.0022 ಕೆಪಾಸಿಟರ್ 1 ಮೆಗ್ ಜೊತಿ ಸೇರಿ 70 ಹರ್ಟ್ಜಿನ ಕೆಳಗಿಂದೆಲ್ಲಾ ಕಡೀತದ. ಬಿ ದನಿಗೆ ಅಲ್ಲೇ 8 ಡೆಸಿಬಲ್ ಹೋತು. 2.7ಕೆ ಮ್ಯಾಲಿನ 0.68 ಇನ್ನೊಂದು 8 ತಿಂತದ. ಕೂಡಿದ್ರ 16. ಲೀಡ್ ಗಿಟಾರಿಗೆ ಇದು ಬೇಕಂತನೇ ಮಾಡಿದ್ದು, ಡಿಸ್ಟಾರ್ಷನ್ ರಾಡಿ ಆಗಬಾರದು ಅಂತ. ಬೇಸಿಗೆ ಇದು ಆಗಂಗಿಲ್ಲ.

ಕ್ಯಾಥೋಡಿಗೆ 1.5ಕೆ, ಅಡ್ಡ 22 ಮೈಕ್ರೋಫ್ಯಾರಡ್ 50 ವೋಲ್ಟ್. ಕಪ್ಲಿಂಗಿಗೆ 0.022, 630 ವೋಲ್ಟಿನ ಪಾಲಿಪ್ರೊಪಿಲೀನ್. ಈಗ ಕಡಿಯೋದು 7 ಹರ್ಟ್ಜಿಗೆ ಇಳೀತದ, ಸಾಕು. ಇನ್ನೂ ದೊಡ್ಡದು ಇರಲಿ ಅಂತ 0.47 ಹಾಕಬ್ಯಾಡ್ರಿ. ತಂತಿ ಮುಟ್ಟಿದಾಗ ಏಳೋ ಧಡಲ್ ಎಲ್ಲಾ ಒಳಗ ಬಂದು ಸ್ಪೀಕರ್ ಕೋನ್ ಸುಮ್ಮನ ಒದ್ದಾಡ್ತದ, ಆಂಪಿನ ತಾಕತ್ತು ಅದರಾಗೇ ಹೋಗ್ತದ.

ಮೂರನೇದು. ಫಾಲೋವರಿನಿಂದ ಹತ್ತಾರು ವೋಲ್ಟ್ ಸಿಗ್ನಲ್ ಹೊರಗ ಬರ್ತದ, ಮಿಕ್ಸರ್ ಲೈನ್ ಇನ್‌ಪುಟ್ಟಿಗೆ 1 ವೋಲ್ಟ್ ಆಸುಪಾಸು ಸಾಕು. 1 ಮೈಕ್ರೋಫ್ಯಾರಡ್ 400 ವೋಲ್ಟಿನ ಕೆಪಾಸಿಟರ್ ಆದಮ್ಯಾಲ 22ಕೆ ಸರಣಿಯೊಳಗ, 2.2ಕೆ ಗ್ರೌಂಡಿಗೆ. ಸಿಗ್ನಲ್ ಹನ್ನೊಂದರಾಗ ಒಂದು ಪಾಲು ಆಗ್ತದ. ಖಾಲಿ ಟ್ರಯೋಡ್ ಬಿಡಬ್ಯಾಡ್ರಿ. ಮುಂದ ಬೇಸ್-ಮಿಡ್-ಟ್ರೆಬಲ್ ಹಾಕಿದ್ರ ಟೋನ್ ಸರ್ಕ್ಯೂಟ್ ದನಿ ಭಾಳ ತಿಂತದ, ಅದನ್ನ ಎತ್ತಲಿಕ್ಕೆ ಬೇಕಾಗ್ತದ.

ಇನ್ನ ಎರಡನೇದು, ಹಮ್. ಫಿಲಮೆಂಟಿಗೆ ಆ 12 ವೋಲ್ಟನ್ನೇ ಬ್ರಿಜ್ ಮಾಡಿ (ನಾಲ್ಕು ಡಯೋಡಿಲೆ ಡಿಸಿ ಮಾಡಿ) 7812 ಹಾಕ್ರಿ, ಅದು 12 ವೋಲ್ಟಿನ ರೆಗ್ಯುಲೇಟರ್. ಅದರ ನಡುವಿನ ಕಾಲಿಗೆ ಒಂದು 1ಎನ್4007 ಡಯೋಡ್ ಕೊಟ್ರ 12.6 ಬರ್ತದ.

ಭೀಮಾತೀರ_ಯಾದಗಿರಿ

ಡಯೋಡ್ ಮಾತು ಖರೆ, ಆದ್ರ 12 ವೋಲ್ಟ್ ವೈಂಡಿಂಗ್ ಸಾಲಂಗಿಲ್ರಿ. ಬ್ರಿಜ್ ದಾಟಿದಮ್ಯಾಲ ತುದಿಗೆ 15 ಸಿಗ್ತದ, ರಿಪಲ್ಲಿನ (ಡಿಸಿಯೊಳಗ ಉಳಿದ ಏರಿಳಿತದ) ತಗ್ಗಿನಾಗ 14.4. 7812ಕ್ಕ ಔಟ್‌ಪುಟ್ಟಿಗಿಂತ 2 ವೋಲ್ಟ್ ಹೆಚ್ಚು ಬೇಕು. ಸಂಜಿಮುಂದ ಮನಿ ಕರೆಂಟಿನ ಲೈನ್ 200 ವೋಲ್ಟಿಗೆ ಇಳಿದ್ರ ರೆಗ್ಯುಲೇಟರ್ ಕೈ ಬಿಡ್ತದ, ಹಮ್ ಮತ್ತ ವಾಪಸ್. ಫಿಲಮೆಂಟಿಗೆ ಬ್ಯಾರೇನೇ 15 ವೋಲ್ಟ್ 1 ಆಂಪಿಯರ್ ಟ್ರಾನ್ಸ್‌ಫಾರ್ಮರ್ ತಗೋರಿ, ಫಿಲ್ಟರಿಗೆ 4700 ಮೈಕ್ರೋಫ್ಯಾರಡ್ 35 ವೋಲ್ಟ್, 105 ಡಿಗ್ರಿಯದ್ದು. ನಮ್ಮ ಕಡಿ ಬ್ಯಾಸಗಿಗೆ 85 ಡಿಗ್ರಿಯದ್ದು ಲಗೂ ಒಣಗ್ತದ. ಎರಡು ವಾಲ್ವಿಗೆ 300 ಮಿಲಿಆಂಪ್, ರೆಗ್ಯುಲೇಟರ್ ಮ್ಯಾಲ ಸುಮಾರು 2 ವ್ಯಾಟ್ ಬಿಸಿ. ಹೀಟ್‌ಸಿಂಕ್ ಬೇಕೇಬೇಕು.

ಬದಲಿ ಮಾಡೋ ಮೊದಲು ಹಮ್ ಯಾವುದು ಅಂತ ಕಿವಿಲೇ ಗುರುತು ಹಿಡೀರಿ. ಇ ತಂತಿ ಮೂರನೇ ಫ್ರೆಟ್ ಒತ್ತಿ ಬಾರಿಸ್ರಿ, ಅದು 49 ಹರ್ಟ್ಜ್. ಹಮ್ ಅದಕ್ಕ ಕೂಡಿದ್ರ 50 ಹರ್ಟ್ಜ್, ಅಂದ್ರ ಫಿಲಮೆಂಟ್ ಇಲ್ಲಾ ಅರ್ಥ್ ಲೂಪ್ (ಅರ್ಥ್ ಎರಡು ದಾರಿಲೆ ಕೂಡಿ ಸುತ್ತಾಗೋದು). ಖಾಲಿ ಜಿ ತಂತಿಗೆ ಕೂಡಿದ್ರ 100, ಅಂದ್ರ ಹೈಟೆನ್ಶನ್ (ಆ 275 ವೋಲ್ಟ್) ಫಿಲ್ಟರ್ ಸಾಲಂಗಿಲ್ಲ. ಎರಡು ಸ್ಟೇಜಿನ ನಡುವ 10ಕೆ, 47 ಮೈಕ್ರೋಫ್ಯಾರಡ್ 450 ವೋಲ್ಟ್ ಇನ್ನೊಂದು ಕೂಡಸ್ರಿ. ವಾಲ್ಯೂಮ್ ಇಳಿಸಿದ್ರೂ ಹಮ್ ಇರ್ತದ ಅಂದಮ್ಯಾಲ ಮೊದಲ ಸ್ಟೇಜ್ ಹುಡುಕೋದು ಬ್ಯಾಡ, ತಪ್ಪು ವಾಲ್ಯೂಮ್ ಆದಮ್ಯಾಲಿನ ಭಾಗದಾಗ ಅದ.

ನಿಮ್ಮ ಫಿಲಮೆಂಟಿಗೆ ಗ್ರೌಂಡಿನ ಸಂಬಂಧನೇ ಇಲ್ಲ, ತೇಲ್ತದ. ಅದರ ಮ್ಯಾಲ ಫಾಲೋವರ್ ಕ್ಯಾಥೋಡ್ 178 ವೋಲ್ಟಿನಾಗ. 12ಎಎಕ್ಸ್7ನಾಗ ಫಿಲಮೆಂಟಿಗೂ ಕ್ಯಾಥೋಡಿಗೂ ನಡುವ 180 ವೋಲ್ಟಿನ ಮಿತಿ ಅದ. ಹಂಗಂತ ಫಿಲಮೆಂಟನ್ನ ಸೀದಾ ಗ್ರೌಂಡಿಗೆ ಕಟ್ಟಿದ್ರ ಬರೋಬ್ಬರಿ ಅಂಚಿಗೇ ನಿಲ್ತದ. ಹೈಟೆನ್ಶನ್‌ದಿಂದ 220ಕೆ, ಅದರ ಕೆಳಗ 56ಕೆ ಗ್ರೌಂಡಿಗೆ. ಎರಡರ ನಡುವ ಸಿಗೋ 56 ವೋಲ್ಟನ್ನ ಫಿಲಮೆಂಟ್ ಸಪ್ಲೈ ಮೈನಸ್ಸಿಗೆ ಕೊಡ್ರಿ, 56ಕೆಗೆ ಅಡ್ಡ 10 ಮೈಕ್ರೋಫ್ಯಾರಡ್ 100 ವೋಲ್ಟ್. ನಡುವಿನ ಅಂತರ 122ಕ್ಕ ಇಳೀತದ. 220ಕೆ ಮಾತ್ರ 1 ವ್ಯಾಟಿಂದೇ ಹಾಕ್ರಿ. ಬಿಸಿ ಕಾಲು ವ್ಯಾಟೂ ಆಗಂಗಿಲ್ಲ ಖರೆ, ಆದ್ರ ಕಾಲು ವ್ಯಾಟಿನ ರೆಸಿಸ್ಟರ್ ತಾಳೋದು ಸಾಮಾನ್ಯ 250 ವೋಲ್ಟ್, ಇಲ್ಲಿ ಅದರ ಮ್ಯಾಲ 219 ನಿಂತಿರ್ತದ.

ಈಗ ಭಾಳ ಮಂದಿ ಎಡವೋ ಜಾಗ: 7812ರ ಬೆನ್ನಿನ ಲೋಹದ ತಗಡು ಅದರ ನಡುವಿನ ಕಾಲಿಗೇ ಕೂಡಿರ್ತದ. ಆ ಕಾಲು ಈಗ 56 ವೋಲ್ಟಿನ ಮ್ಯಾಲ. ಸೀದಾ ಚಾಸಿಗೆ (ಲೋಹದ ಡಬ್ಬಿಗೆ) ಸ್ಕ್ರೂ ಹಾಕಿದ್ರ ಎತ್ತಿದ್ದೆಲ್ಲಾ ಗ್ರೌಂಡ್ ಆಗ್ತದ. ಮೈಕಾ ಹಾಳಿ, ಪ್ಲಾಸ್ಟಿಕ್ ಬುಶ್ ಹಾಕಿ, ಮೀಟರಿಲೆ ತಗಡಿಗೂ ಚಾಸಿಗೂ ನಡುವ ಅಳೀರಿ. 0 ಓಮ್ ಬಂದ್ರ ಬುಶ್ ಸರಿ ಕುಂತಿಲ್ಲ.

ಬೇಸ್_ಕಲಬುರಗಿ

ಜಿ ತಂತಿಗೆ ಕೂಡಂಗಿಲ್ರಿ, ಮೂರನೇ ಫ್ರೆಟ್ಟಿಗೇ ಬರೋಬ್ಬರಿ ಕೂಡ್ತದ. ಮೈನ್ಸ್ ಪ್ಲಗ್ಗಿನ ಅರ್ಥ್ ಪಿನ್ ತೆಗೆದ್ರ ಹಮ್ ಅರ್ಧ ಆಗ್ತದ. ಹಂಗೇ ಬಿಡಬಹುದಾ?

ಬಿಸಿಕಬ್ಬಿಣ_ಬೀದರ್

ಬ್ಯಾಡ್ರಿ ಅಣ್ಣಾ, ಖಂಡಿತ ಬ್ಯಾಡ. ಒಳಗಿನ ಹೈಟೆನ್ಶನ್ ಎಂದರ ಚಾಸಿಗೆ ಹತ್ತಿದ್ರ ಬೇಸಿನ ತಂತಿ ಹಿಡಿದ ಕೈಗೇ ಬರ್ತದ. ಹಮ್ ಅರ್ಧ ಆತು ಅಂದ್ರ ಲೂಪ್ ಅದ ಅಂತ ಗೊತ್ತಾತು. ಮಿಕ್ಸರ್, ಪ್ರೀಆಂಪ್ ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ತಗೋರಿ. ಅಷ್ಟಕ್ಕೂ ಹೋಗಲಿಲ್ಲಂದ್ರ ನಡುವ 1:1 ಆಡಿಯೋ ಟ್ರಾನ್ಸ್‌ಫಾರ್ಮರ್ ಹಾಕ್ರಿ. ಸಿಗ್ನಲ್ ಗ್ರೌಂಡ್ ಚಾಸಿಗೆ ಒಂದೇ ಕಡಿ ಕೂಡಬೇಕು, ಇನ್‌ಪುಟ್ ಜ್ಯಾಕಿನ ಹತ್ತಿರ. ಮನೀದು ಎರೆಮಣ್ಣಿನ ಜಾಗ ಇದ್ರ ಬ್ಯಾಸಗ್ಯಾಗ ಮಣ್ಣು ಬಿರಿದು ಅರ್ಥ್ ಗುಂಡಿ ಒಣಗ್ತದ, ನೀರು ಹಾಕಸ್ರಿ.

ಮುಚ್ಚಳ ತೆಗೆಯೋದಿದ್ರ ಪ್ಲಗ್ ಕಿತ್ತು ಎರಡು ನಿಮಿಷ ತಡೀರಿ, ಆ 220ಕೆ-56ಕೆ ಜೋಡಿನೇ ಕೆಪಾಸಿಟರ್ ಖಾಲಿ ಮಾಡ್ತದ. ಆಮ್ಯಾಲೂ ಮೀಟರಿಲೆ ನೋಡೇ ಕೈ ಹಾಕ್ರಿ. ಶಹಾಬಾದ್ ಕಲ್ಲಿನ ಹಸಿ ನೆಲದ ಮ್ಯಾಲ ಬರಿಗಾಲಿಲೆ ಕುಂತು ಅಳೀಬ್ಯಾಡ್ರಿ, ಒಣ ಹಲಗಿ ಇಲ್ಲಾ ರಬ್ಬರ್ ಮ್ಯಾಟ್ ಹಾಸಿ ಒಂದೇ ಕೈಲೆ ಅಳೀರಿ. ಮೊದಲು ಫಿಲಮೆಂಟ್ ಬದಲಿ ಮಾಡಿ 4, 5ನೇ ಪಿನ್ ನಡುವ 12.6 ಬಂತಾ, 4ಕ್ಕೂ 5ಕ್ಕೂ ಗ್ರೌಂಡಿಂದ ಎಷ್ಟು ವೋಲ್ಟ್ ಬಂತು, ಅಷ್ಟು ಹೇಳ್ರಿ.